ಬಾಗಿಲು ಹಾಕುವ ಕಾಲೇಜು

ಶೀತಲ ಕೆಲಸದಿಂದ ಬಂದ ಮೇಲೂ ಕೋಟು ತೆಗೆಯುವವಳಲ್ಲ. ಹೈದರಾಬಾದಿನ ಮೇ ತಿಂಗಳಲ್ಲಿ, ಅತ್ತಾಪುರದ ನಮ್ಮ ಗಲ್ಲಿಯ ನಾಯಿಗಳೂ ನೀರಿನ ಟ್ಯಾಂಕಿನ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಶಂಶಾಬಾದಿನ ವಿಮಾನ ನಿಲ್ದಾಣದಿಂದ ಬಂದು ಬಸ್ಸಿಳಿದ ಈ ಹೆಣ್ಣುಮಗಳು, ಕಂಪನಿ ಕೊಟ್ಟ ಕಡುನೀಲಿ ಕೋಟಿನ ಗುಂಡಿಯನ್ನೂ ಬಿಚ್ಚದೆ ನನ್ನ ಬಾಗಿಲ ಮುಂದಿನ ಕಲ್ಲುಬೆಂಚಿನ ಮೇಲೆ ಕೂಡುತ್ತಾಳೆ. ಕೋಟು ಅವಳ ಅಳತೆಯದಲ್ಲ. ಭುಜ ಅಗಲ, ತೋಳು ಉದ್ದ. ಬೆರಳಿನ ತುದಿಗಳಷ್ಟೇ ಹೊರಗೆ ಇಣುಕುತ್ತವೆ. ಸ್ವಲ್ಪ ಹೊತ್ತು ಹಾಗೆಯೇ ಕೂತು, ನೀರು ಕುಡಿದು, ಆಮೇಲೆ ಮೇಲಿನ ಮಹಡಿಯ ತನ್ನ ಮನೆಗೆ ಹತ್ತುತ್ತಾಳೆ. ಸೆಕೆಯಲ್ಲಿ ಈ ಶಿಕ್ಷೆ ಯಾಕೆಂದು ಒಮ್ಮೆ ಕೇಳಿದ್ದೆ.

"ಇದು ಮೈಮ್ಯಾಲ ಇರೋತನಕ ಡ್ಯೂಟಿ ಕಾಕಾ. ಗೂಟಕ್ಕ ಹಾಕಿದ್ನೆಂದ್ರ ಚಾ ಮಾಡು ಅಂತಾರ."

ನಡಿಗೆ ಅವಳದು ಸಾಮಾನಿನ ಗಾಡಿ ನೂಕುವವರ ನಡಿಗೆ. ಕೈಯಲ್ಲಿ ಏನೂ ಇಲ್ಲದಾಗಲೂ ಮೈ ತುಸು ಮುಂದಕ್ಕೆ ಬಾಗಿರುತ್ತದೆ. ಮಾತಿಗೆ ಮುಂಚೆ "ಸದ್ಯಕ್ಕ" ಎಂದು ಸೇರಿಸುವುದು ಅವಳ ರೂಢಿ. ಸದ್ಯಕ್ಕ ಊಟ ಆಗೇತಿ, ಸದ್ಯಕ್ಕ ಆರಾಮ ಅದೀನಿ. ವಿಮಾನ ಹೊರಡುವ ತನಕ ಯಾವ ವೇಳೆಯನ್ನೂ ಖಚಿತವೆಂದು ಹೇಳಬಾರದ ಜಾಗದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಈ ಮಾತು ನಾಲಗೆಗೆ ಅಂಟಿಕೊಳ್ಳುವುದು ಸಹಜ.

ಅವಳ ತವರು ಭಾಲ್ಕಿ, ಗಂಡನ ಊರು ಚಿತ್ತಾಪುರದ ಕಡೆ. ಗಂಡ ಸೂರ್ಯಕಾಂತನದು ತೊಗರಿಬೇಳೆಯ ವ್ಯಾಪಾರ; ಮಾತು ಕಡಿಮೆ, ದುಡಿಮೆ ಜಾಸ್ತಿ. ಮನೆಯ ಯಜಮಾನಿಕೆ ಅತ್ತೆ ಶರಣಬಸಮ್ಮನದು. ಈ ಊರಿನಲ್ಲಿ ನಮ್ಮ ಕಡೆಯವರ ಮನೆ ಹೇಗಿರುತ್ತದೆಂದು ಹೊರಗಿನವರಿಗೆ ತಿಳಿಯದು. ಕಲಬುರಗಿ, ಯಾದಗಿರಿ, ಬೀದರಿನಲ್ಲಿ ಡಾಕ್ಟರು ಕೈಚೆಲ್ಲಿದರೆ ಜನ ಹಿಡಿಯುವುದು ಹೈದರಾಬಾದಿನ ದಾರಿ. ಬಂದವರು ಲಾಡ್ಜಿಗೆ ಹೋಗುವುದಿಲ್ಲ. ಬಂಧುಗಳಿರುವಾಗ ಹೋಗುವುದು ಅಪಮಾನ, ಕಳಿಸುವುದು ಇನ್ನೂ ದೊಡ್ಡ ಅಪಮಾನ. ಹೀಗಾಗಿ ಶರಣಬಸಮ್ಮನ ಪಡಸಾಲೆ ಅರ್ಧ ವಾರ್ಡಿನಂತೆ: ಗೋಡೆಗೆ ಒರಗಿಸಿದ ಎಕ್ಸ್‌ರೇ ಚೀಲ, ಕಿಟಕಿಯಲ್ಲಿ ಔಷಧದ ಸೀಸೆ, ಚಾಪೆಯ ಮೇಲೆ ನರಳುವ ಯಾರೋ ಒಬ್ಬ ಅಣ್ಣ ಅಥವಾ ಅತ್ತಿಗೆ. ಫೋನು ಬಂದರೆ ಆ ತಾಯಿ ಹೇಳುವುದು ಒಂದೇ ಮಾತು: "ಬರ್ರಿ, ಮನಿ ನಿಮ್ದ ಐತಿ." ಬಂದವರನ್ನು ಆಸ್ಪತ್ರೆಗೆ ಕರೆದೊಯ್ದು, ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ವಾದಿಸಿ, ಚೀಟಿ ಬರೆಸಿ ತರುವುದು ಸೊಸೆಯ ಪಾಲು. ಇದಕ್ಕೆ ಅವಳು ಎಂದೂ ಗೊಣಗಿದ್ದಿಲ್ಲ. ಅವಳ ಬಾಯಲ್ಲಿ ಇಲ್ಲ ಎಂಬ ಮಾತು ಹುಟ್ಟುತ್ತಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅವಳು ಪ್ರಯಾಣಿಕರ ವಿಭಾಗದ ಮೇಲ್ವಿಚಾರಕಿ. ಅದರ ಮೇಲಿನದು ಡ್ಯೂಟಿ ಮ್ಯಾನೇಜರನ ಕುರ್ಚಿ. ಅದಕ್ಕೆ ಎಂಬಿಎ ಬೇಕು. ಬರುವ ವರ್ಷ ಆ ಕುರ್ಚಿ ಖಾಲಿಯಾಗುತ್ತದೆ, ಮೊದಲ ವರ್ಷ ಪಾಸಾಗಿದ್ದರೂ ಸಾಕು, ಹೆಸರು ಕಳಿಸುತ್ತೇನೆ ಎಂದು ಅವಳ ಸಾಹೇಬ ಹೇಳಿದ್ದ. ಆ ಕುರ್ಚಿಗಾಗಿ ಅವಳು ಕಾಲೇಜು ಹುಡುಕತೊಡಗಿದಳು.

ಬೇರೆಯವರಾಗಿದ್ದರೆ ಫೋನಿನಲ್ಲಿ ನಾಲ್ಕು ಜಾಹೀರಾತು ನೋಡಿ ಒಂದಕ್ಕೆ ಸೇರುತ್ತಿದ್ದರು. ನಮ್ಮ ಕಡೆ ಎತ್ತು ಕೊಳ್ಳುವವನು ಹಲ್ಲು ಎಣಿಸಿ ಅಲ್ಲಿಗೇ ಬಿಡುವುದಿಲ್ಲ, ನೊಗ ಹೂಡಿ, ನಾಲ್ಕು ಹೆಜ್ಜೆ ನಡೆಸಿ, ಮಣ್ಣಿನಲ್ಲಿ ಎಳೆಸಿ ನೋಡುತ್ತಾನೆ. ನಾನು ರಕ್ಷಣಾ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತಿನ ಮುಂದೆ ಆಯುಷ್ಯ ಕಳೆದವನು. ಹೊಸ ಕೆಲಸ ಬಂದರೆ ಕಬ್ಬಿಣಕ್ಕೆ ಹಚ್ಚುವ ಮುಂಚೆ ಹತ್ಯಾರವನ್ನು ಬರಿಯ ಗಾಳಿಯಲ್ಲಿ ಓಡಿಸಿ ನೋಡುತ್ತಿದ್ದೆವು. ಶೀತಲಳೂ ಹಾಗೆಯೇ. ಸೇರುವ ಮುಂಚೆ ಒಂದೊಂದು ಬಗೆಯ ಓದನ್ನೂ ಬದುಕಿ ನೋಡಿದಳು.

ಅಂಚೆಯಲ್ಲಿ ಪುಸ್ತಕ ತರಿಸಿ ಓದುವ ಕ್ರಮವನ್ನು ಅವಳು ಬೇಗ ಕೈಬಿಟ್ಟಳು. "ಪುಸ್ತಕ ಮನೀಗೆ ಬರ್ತಾವ ಕಾಕಾ, ಅವಕ್ಕ ನಾ ಮನ್ಯಾಗ ಸಿಗಂಗಿಲ್ಲ" ಎಂದಳು. ಆಮೇಲೆ ಆನ್‌ಲೈನ್. ಎಲ್ಲರೂ ಹೊಗಳುವ ಕ್ರಮ, ಬಸ್ಸಿಲ್ಲ, ಬಿಸಿಲಿಲ್ಲ. ರಜೆಯ ದಿನ ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಕಿವಿಗೆ ವೈರು ಸಿಕ್ಕಿಸಿ, ಯಾವುದೋ ಪಾಠ ಹಚ್ಚಿಕೊಂಡು ಕೂತಳು. ನಾನು ಮೇಲೆ ಮಜ್ಜಿಗೆ ಕೇಳಲು ಹೋದಾಗ ಕಂಡದ್ದು ಇಷ್ಟು: ಅವಳ ತೊಡೆಯ ಮೇಲೆ ಅವರೆಕಾಯಿ ತುಂಬಿದ ಮೊರ. ಶರಣಬಸಮ್ಮ ನಿಷ್ಕಪಟವಾಗಿ ಹೇಳಿದಳು: "ಕಣ್ಣು ಅಲ್ಲೇ ಇರ್ಲಿ, ಕೈ ಖಾಲಿ ಅದಾವಲ್ಲ." ಪಡಸಾಲೆಯಲ್ಲಿ ಮಲಗಿದ್ದ ಮಂಡಿನೋವಿನ ಹೆಂಗಸು ಕೇಳಿದಳು: "ಸೊಸಿ ಯಾವ ಸಿನಿಮಾ ನೋಡಾಕತ್ತಾಳ?" ಶೀತಲ ಅವರೆಕಾಯಿ ಬಿಡಿಸಿ ಮುಗಿಸಿದಳು. ಮೊರದ ಜೊತೆಗೇ ಲ್ಯಾಪ್‌ಟಾಪೂ ಮುಚ್ಚಿತು.

ಮೂರನೆಯದು ಉಪ್ಪಲ್‌ನ ದೊಡ್ಡ ಹೆಸರಿನ ಸಂಸ್ಥೆ, ಶನಿವಾರ-ಭಾನುವಾರದ ತರಗತಿ. ಅಲ್ಲಿಗೆ ಹೋಗಿ ನೋಡಲು ಅವಳು ಆರಿಸಿಕೊಂಡದ್ದು ಅಲ್ಲಿಯ ಸ್ಟೇಡಿಯಮ್ಮಿನಲ್ಲಿ ಕ್ರಿಕೆಟ್ ಮ್ಯಾಚ್ ಇದ್ದ ದಿನವನ್ನು. ಜೊತೆಗೆ ನನ್ನನ್ನೂ ಎಬ್ಬಿಸಿಕೊಂಡು ಹೊರಟಳು. ಮೆಟ್ರೋದಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರ ನಡುವೆ ಹಿಂಡಿಹೋಗುತ್ತಾ, ಇವತ್ತೇ ಯಾಕವ್ವಾ ಎಂದೆ. "ಮ್ಯಾಚ್ ಇದ್ದಾಗ್ಲೇ ನೋಡ್ಬೇಕ್ರಿ. ಖಾಲಿ ದಾರಿ ಯಾರಿಗರೆ ಛಂದ ಕಾಣಸ್ತೈತಿ." ಹೊತ್ತಿಗೆ ಸರಿಯಾಗಿ ತಲುಪಿದೆವು. ಗಾಜಿನ ಕಟ್ಟಡ, ತಣ್ಣನೆ ಗಾಳಿ, ನಗುಮುಖದ ಹುಡುಗಿ. ಕ್ಲಾಸು ತಪ್ಪಿದರೆ ಚಿಂತೆ ಬೇಡ ಮೇಡಂ, ರೆಕಾರ್ಡಿಂಗ್ ಇರುತ್ತದೆ, ಯಾವಾಗ ಬೇಕಾದರೂ ನೋಡಬಹುದು, ನಿಮ್ಮ ಅನುಕೂಲವೇ ನಮಗೆ ಮುಖ್ಯ ಎಂದು ಆ ಹುಡುಗಿ ಜೇನಿನಂತೆ ಮಾತಾಡಿದಳು. ಹೊರಗೆ ಬಂದ ಶೀತಲ "ಇಲ್ಲಿ ಆಗಂಗಿಲ್ಲ" ಅಂದಳು.

"ಯಾಕ? ಎಷ್ಟು ಛಲೋ ಮಾತಾಡಿದ್ಲಲ್ಲ."

"ಅದಕ್ಕ ಆಗಂಗಿಲ್ಲ ಕಾಕಾ."

ನನಗೆ ಅರ್ಥವಾದದ್ದು ಹಿಮಾಯತ್‌ನಗರದಲ್ಲಿ. ಅಲ್ಲಿಯದು ಸಂಜೆ ಕಾಲೇಜು. ಸೀರೆ ಅಂಗಡಿಯ ಮೇಲಿನ ಹಳೆಯ ಮಹಡಿ, ಕೆಟ್ಟು ನಿಂತ ಲಿಫ್ಟು, ಸುಣ್ಣ ಉದುರುವ ಗೋಡೆ. ಮಂಗಳವಾರ, ಗುರುವಾರ, ಶುಕ್ರವಾರ ಪಾಠ. ಕಚೇರಿಯವನು ತಲೆ ಎತ್ತದೆ ಗದರಿದ: ಆರೂವರೆಗೆ ಬಾಗಿಲು ಹಾಕುತ್ತೇವೆ, ತಡವಾದವರು ಹೊರಗೆ, ಹಾಜರಿ ಕಡಿಮೆಯಾದರೆ ಪರೀಕ್ಷೆ ಇಲ್ಲ. ಇಷ್ಟು ದಿನದ ಅಲೆದಾಟದಲ್ಲಿ ಅವಳ ಮುಖ ಅರಳಿದ್ದನ್ನು ನಾನು ಕಂಡದ್ದು ಆಗಲೇ. ಮೆಟ್ಟಿಲಿಳಿಯುತ್ತಾ ಹೇಳಿದಳು: "ಬಾಗಲಾ ಹಾಕೋ ಕಾಲೇಜು ಬೇಕಾಗಿತ್ತು ನನಗ."

ಶಾಲೆಯ ಹೊಸ್ತಿಲನ್ನು ಹೆಚ್ಚು ತುಳಿಯದೆ, ಅಂಗಡಿಯವರು ಪೊಟ್ಟಣ ಕಟ್ಟಿಕೊಟ್ಟ ಕಾಗದಗಳಿಂದ ಮೂರು ಭಾಷೆ ಕಲಿತವನು ನಾನು, ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ. ಬಾಗಿಲು ಹಾಕಿದರೆ ವಿದ್ಯೆ ಬರುತ್ತದೇನು, ಮನಸ್ಸಿದ್ದರೆ ಗುಡಿಯ ಕಟ್ಟೆಯ ಮೇಲೂ ಓದಬಹುದು ಎಂದು ಹೇಳಿದೆ. ಅವಳು ಮೆಲ್ಲಗೆ ಕೇಳಿದಳು: "ನೀವು ಓದೂ ಮುಂದ ಕಾಕಿ ಎಲ್ಲಿರ್ತಿದ್ರು?"

"ಒಳಗ. ರೊಟ್ಟಿ ಬಡೀತಿದ್ಲು."

ಅವಳು ತಲೆದೂಗಿ ಉಳಿದ ಮೆಟ್ಟಿಲಿಳಿದಳು.

ಸೇರಿದ ದಿನವೇ ಮನೆಯಲ್ಲಿ ಸಾರಿದಳು: ಆರೂವರೆಗೆ ಬಾಗಿಲು ಬೀಳುತ್ತದೆ, ಯಾರು ಬಂದರೂ ತೆಗೆಯುವುದಿಲ್ಲ. ಶರಣಬಸಮ್ಮನಿಗೆ ಪುಸ್ತಕದ ಮೇಲೆ ಭಕ್ತಿಯೂ ಇಲ್ಲ, ದ್ವೇಷವೂ ಇಲ್ಲ. ಆದರೆ ಹಾಕಿದ ಬಾಗಿಲಿಗೆ ಎದುರಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಸೊಸೆ ಬೇಡಿಕೊಂಡಿದ್ದರೆ ಇನ್ನೊಂದು ದಿನ ಹೋದರಾಯಿತು ಅನ್ನಬಹುದಿತ್ತು. ಬಾಗಿಲಿಗೆ ಹಾಗೆ ಅನ್ನಲಾಗುವುದಿಲ್ಲ. ಶೀತಲ ಬೆಳಗಿನ ಪಾಳಿ ಬೇಡಿ ಪಡೆದಳು, ಸಂಜೆ ಅದೇ ಕೋಟಿನಲ್ಲಿ ಹಿಮಾಯತ್‌ನಗರಕ್ಕೆ ಹೋಗಿ ಕೂತಳು. ಆದರೂ ಕಾಯಿಲೆಗಳು ವಾರ ನೋಡಿ ಬರುವುದಿಲ್ಲ. ಒಮ್ಮೆ ಬಂದವರ ಮಗುವಿನ ಜ್ವರ, ಒಮ್ಮೆ ಕಣ್ಣಿನ ಆಪರೇಷನ್, ಒಮ್ಮೆ ರಕ್ತ ಕೊಡುವವರು ಸಿಗದೆ ಓಡಾಟ. ವರ್ಷದ ಕೊನೆಗೆ ಲೆಕ್ಕಶಾಸ್ತ್ರದ ಪಾಠದಲ್ಲಿ ಅವಳ ಹಾಜರಿ ಅಂಚಿಗೆ ಬಂದು ನಿಂತಿತ್ತು. ಇನ್ನೊಂದು ದಿನ ತಪ್ಪಿದರೆ ಆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಮೊದಲ ವರ್ಷ ಇಲ್ಲ, ಕುರ್ಚಿಯೂ ಇಲ್ಲ. ಇದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವಾರವೇ ಶರಣಬಸಮ್ಮನ ತಮ್ಮ ಬೂದೆಪ್ಪ ಬಂದ. ಎದೆನೋವು. ಗುರುವಾರ ಸೂರ್ಯಕಾಂತ, ಶೀತಲ, ನಾನು ಮೂವರೂ ಸೇರಿ ಆಸ್ಪತ್ರೆಗೆ ಸೇರಿಸಿದೆವು. ದೊಡ್ಡ ಡಾಕ್ಟರು ಮಧ್ಯಾಹ್ನ ಬರಬೇಕಾದವರು ಸಂಜೆಯಾದರೂ ಬರಲಿಲ್ಲ. ಅವತ್ತು ಲೆಕ್ಕಶಾಸ್ತ್ರದ ಪಾಠವಿತ್ತು, ಶೀತಲ ಕಾಲೇಜಿಗೆಂದು ಏಳಲು ನೋಡಿದಳು. ಮುದುಕ ಅವಳ ಕೋಟಿನ ಉದ್ದ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಯವ್ವಾ, ನೀ ಹೋಗಬ್ಯಾಡ. ಅವ್ರು ಏನಂದ್ರೂ ನಮಗ ತಿಳಿಯಂಗಿಲ್ಲ."

"ನನಗ ತೆಲುಗು ಬರ್ತೈತಿ, ನಾ ಇರ್ತೀನಿ ಬಿಡು ಮಾರಾಯಾ" ಎಂದೆ ನಾನು.

ಬೂದೆಪ್ಪ ನನ್ನ ಧೋತರದಿಂದ ಅಂಗಿಯ ತನಕ ಒಮ್ಮೆ ನೋಡಿದ. "ನಿಮ್ಮ ಮಾತು ಯಾರ್ ಕೇಳ್ತಾರ್ರಿ. ಕೋಟು ಹಾಕ್ದವ್ರ ಮುಂದನ ಡಾಕ್ಟರ್ ನೆಟ್ಟಗ ಮಾತಾಡೋದು."

ಮನೆಯಲ್ಲಿ ಅವಳನ್ನು ಕಾಪಾಡುತ್ತಿದ್ದ ಕೋಟು ಅಲ್ಲಿ ಅವಳನ್ನು ಕಟ್ಟಿಹಾಕಿತು. ಆ ಮುಷ್ಟಿಯನ್ನು ಅವಳು ಬಿಡಿಸಿಕೊಳ್ಳಲಿಲ್ಲ. ಡಾಕ್ಟರು ಬಂದರು, ನೋಡಿದರು, ಗಾಬರಿಯಿಲ್ಲ ಎಂದರು. ಆಮೇಲೆ ಅವಳು ಓಡಿದಳು. ಸೂರ್ಯಕಾಂತ ಮಾವನ ಹತ್ತಿರ ಉಳಿದ. ನಾನು ಅವಳ ಆಟೋವನ್ನೇ ಹತ್ತಿದೆ. ದಾರಿಯುದ್ದಕ್ಕೂ ಅವಳು ಮುಂದಿನ ಸೀಟಿನ ಕಂಬಿ ಹಿಡಿದು, ಆಟೋವನ್ನೇ ನೂಕುವವಳಂತೆ ಬಾಗಿ ಕೂತಿದ್ದಳು.

ನಾನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಮುಟ್ಟಿದಾಗ ಅವಳು ಬಾಗಿಲ ಮುಂದೆ ನಿಂತಿದ್ದಳು. ಒಳಗಿನಿಂದ ಮೇಷ್ಟರ ದನಿ ಕೇಳುತ್ತಿತ್ತು.

"ಏನಾತು?"

"ಸದ್ಯಕ್ಕ ಬಾಗಲಾ ಹಾಕ್ಯಾರ."

ಬಾಗಿಲು ಕಾಯುವ ಮುದುಕ ಸ್ಟೂಲಿನಿಂದ ಎದ್ದ. ವರ್ಷವಿಡೀ ಅವಳು ಓಡೋಡಿ ಬರುವುದನ್ನು ಕಂಡವನು. "ಸಬರ್ ಕರೋ ಬೇಟಾ, ಮೈ ಬೋಲ್ತೂಂ ಸರ್ ಕೋ. ಆಪ್ ಕೇ ಲಿಯೇ ಖೋಲ್ ದೇಂಗೇ." ತಾನು ಹೇಳಿದರೆ ಮೇಷ್ಟರು ತೆಗೆಸುತ್ತಾರೆ ಎಂದು ಅವನ ಭರವಸೆ. ಬಾಗಿಲು ಬಡಿಯಲು ಕೈ ಎತ್ತಿದ್ದ. ಶೀತಲ ಆ ಕೈಯನ್ನು ಮೆಲ್ಲಗೆ ತಡೆದು, ಬೇಡ ಚಾಚಾ ಎಂದು ತಲೆಯಾಡಿಸಿದಳು.

ನನಗೆ ಸಿಟ್ಟು ಬಂತು. ವರ್ಷ ಹಾಳಾಗುತ್ತದೆ, ಹುಚ್ಚಿಯೇನು, ತೆಗೆಸು ಎಂದೆ.

"ತೆಗೀತಾರ, ನನಗ ಗೊತ್ತೈತಿ. ಇವತ್ತ ತೆಗದ್ರಂದ್ರ, ನಾಳಿಂದ ಮನ್ಯಾಗ ಹೇಳಾಕ ನನ್ನ ಹತ್ರ ಏನ್ ಉಳೀತೈತಿ?"

"ನಾ ಯಾರ ಮುಂದೂ ಹೇಳಂಗಿಲ್ಲ."

"ನೀವು ಹೇಳಂಗಿಲ್ಲ ಕಾಕಾ. ನನಗ ಗೊತ್ತಿರತೈತಲ್ಲ. ಮುಂದಿನ ಸಲ ಯಾರರೆ ತೋಳು ಹಿಡದ್ರ, ಹೆಂಗೂ ತೆಗೀತಾರ ಅಂತ ನಾನ ಕುಂತು ಬಿಡ್ತೀನಿ."

ಅವಳು ಮೆಟ್ಟಿಲ ಮೇಲೆ ಕೂತಳು. ಕೋಟಿನ ಗುಂಡಿ ಹಾಕಿಕೊಂಡು, ಪಾಠ ಮುಗಿಯುವ ತನಕ, ಒಳಗಿನ ದನಿಗೆ ಕಿವಿಗೊಟ್ಟು ಕೂತಳು. ನಾನು ಎರಡು ಮೆಟ್ಟಿಲು ಕೆಳಗೆ ಕೂತೆ. ಕಾವಲಿನ ಮುದುಕ ನಮ್ಮಿಬ್ಬರಿಗೂ ಚಹಾ ತರಿಸಿಕೊಟ್ಟ.

ಆ ಪರೀಕ್ಷೆಗೆ ಅವಳನ್ನು ಕೂರಿಸಲಿಲ್ಲ. ಕುರ್ಚಿ ಸುಶಾಂತನೆಂಬ ಹುಡುಗನಿಗೆ ಹೋಯಿತು. ಅವಳ ಕೈಕೆಳಗೆ ಕೆಲಸಕ್ಕೆ ಸೇರಿದವನು, ಆನ್‌ಲೈನ್‌ನಲ್ಲಿ ಓದು ಮುಗಿಸಿದ್ದವನು. ಅವನು ಹಂಚಿದ ಪೇಢೆಯಲ್ಲಿ ಒಂದನ್ನು ನನಗೂ ತಂದುಕೊಟ್ಟು ಹೇಳಿದಳು: "ಛಲೋ ಹುಡುಗ. ರೂಮಿನ್ಯಾಗ ಒಬ್ಬಾವನ ಇರ್ತಾನ, ಅವಂಗ ಆನ್‌ಲೈನ್ ಸಾಕಾತು." ಅವತ್ತು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದಳು.

ಶರಣಬಸಮ್ಮ ಕೆಳಗಿಳಿದು ಬಂದು ನನ್ನನ್ನು ಕೇಳಿದಳು: "ಖರೇನ ತೆಗೀಲಿಲ್ಲೇನ್ರಿ? ನಮ್ಮ ತಮ್ಮನ ಜೀವದ ಪ್ರಶ್ನಿ ಇತ್ತು ಅಂತ ಹೇಳಿದ್ರೂ?"

"ತೆಗೀಲಿಲ್ಲ" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಹಿರಿಯಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ಮರುವಾರ ಮೇಲಿನಿಂದ ಅವಳ ಫೋನಿನ ದನಿ ಕೇಳಿಸಿತು: "ಬರ್ರಿ, ಮನಿ ನಿಮ್ದ ಐತಿ. ಆದ್ರ ಬುಧವಾರ ಬರ್ರಿ. ಮಂಗಳವಾರ, ಗುರುವಾರ, ಶುಕ್ರವಾರ ಬ್ಯಾಡ. ನಮ್ಮ ಸೊಸಿ ಕಾಲೇಜಿನ್ಯಾಗ ಬಾಗಲಾ ಹಾಕ್ತಾರ್ರಿ, ಭಾಳ ಕಟ್ಟುನಿಟ್ಟ." ಕೊನೆಯ ಮಾತಿನಲ್ಲಿ ತುಸು ಜಂಬವೂ ಇದ್ದಂತಿತ್ತು.

ಶೀತಲ ಈಗ ತನಗಿಂತ ಚಿಕ್ಕವರ ನಡುವೆ ಕೂತು ಅದೇ ಲೆಕ್ಕಶಾಸ್ತ್ರವನ್ನು ಮತ್ತೆ ಕೇಳುತ್ತಿದ್ದಾಳೆ. ಕುರ್ಚಿ ಮತ್ತೆ ಯಾವಾಗ ಖಾಲಿಯಾಗುತ್ತದೋ ಯಾರಿಗೂ ಗೊತ್ತಿಲ್ಲ. ಬೆಂಚಿನ ಮೇಲೆ ಕೂತಾಗ ಇನ್ನೂ ಕೋಟು ತೆಗೆಯುವುದಿಲ್ಲ. ಹೇಗಿದ್ದೀಯವ್ವಾ ಎಂದರೆ, ಸದ್ಯಕ್ಕ ಆರಾಮ ಎನ್ನುತ್ತಾಳೆ.

ಇಂಥವರು ನಮ್ಮ ಕಡೆಯ ಮನೆಮನೆಯಲ್ಲಿದ್ದಾರೆ, ಬಹಳಷ್ಟು ಮಂದಿ ಹೆಣ್ಣುಮಕ್ಕಳು. ಇಲ್ಲ ಎನ್ನಲು ಬಾರದವರು ಎಂದು ಲೋಕ ಅವರನ್ನು ಮೆತ್ತನೆಯ ಮಣ್ಣಿನಂತೆ ತುಳಿದುಕೊಂಡೇ ಓಡಾಡುತ್ತದೆ. ನಾಲ್ಕು ಕಾಲೇಜು ಅಲೆದು ನೋಡಿದರೆ ಚಂಚಲರೆಂದು ನಗುತ್ತದೆ. ಅವರು ಊರೆಲ್ಲ ತಿರುಗಿ ಹುಡುಕುವುದು ತಮ್ಮ ಪರವಾಗಿ ಇಲ್ಲ ಎಂದು ಹೇಳಬಲ್ಲ ಒಂದು ಬಾಗಿಲನ್ನು. ಅದು ಸಿಕ್ಕ ಮೇಲೆ ಅದರ ಮಾತು ಸುಳ್ಳಾಗಬಾರದೆಂದು, ಬೇಕಾದರೆ ತಾವೇ ಹೊರಗೆ ಕೂಡುತ್ತಾರೆ.