ಗುಲಗಂಜಿ ಬಳ್ಳಿ

ಲಾಸ್ಯಳ ಅಂಗೈಯಲ್ಲಿ ಎರಡು ಗುಲಗಂಜಿ ಇದ್ದವು. ಬಾಯಲ್ಲೂ ಏನೋ ಇತ್ತು.

"ಏನವ್ವ ಅದು? ತೆಗಿ ಬಾಯ್ನ, ತೆಗಿ!" ಚೆಲುವರಾಜು ನೀರಿನ ಪೈಪು ಬಿಸಾಡಿ ಓಡಿದ. ಮಾವನ ಗಾಬರಿ ಕಂಡು ಬೆದರಿದ ನಾಲ್ಕು ವರ್ಷದ ಹುಡುಗಿ ಗಟಕ್ಕನೆ ನುಂಗಿಬಿಟ್ಟಳು.

ಕುಂಬಾರಕೊಪ್ಪಲಿನ ಆ ಮನೆಯ ಹಿತ್ತಿಲೆಂದರೆ ಚೆಲುವರಾಜುವಿಗೆ ಹುಚ್ಚು. ಹಗಲೆಲ್ಲ ಅಂಗಡಿಯಲ್ಲಿ ಕೂತು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನಿಗೆ ಅದೇ ಉಸಿರು. ಸೀಬೆ, ಸೀತಾಫಲ, ಪನ್ನೇರಳೆ ನೆಟ್ಟಿದ್ದ. ಅಷ್ಟಕ್ಕೆ ಸುಮ್ಮನಾಗದೆ, ಊರಿನ ಬೇಲಿಗಳಿಂದ ಮರೆಯಾಗುತ್ತಿರುವ ಕವಳಿ, ಕಾರೆಗಿಡಗಳನ್ನೂ ಹುಡುಕಿ ತಂದು ಬೆಳೆಸಿದ್ದ. ಗುಲಗಂಜಿಯೂ ಹಾಗೆ ಬಂದದ್ದೇ. ಬೀಜ ವಿಷವೆಂದು ಗೊತ್ತಿತ್ತು. ಬಳ್ಳಿ ಕಾಂಪೌಂಡಿನ ಮೇಲೆ ಹಬ್ಬಿದೆ, ಮಗುವಿನ ಕೈಗೆಲ್ಲಿ ಸಿಗುತ್ತದೆ ಅಂದುಕೊಂಡಿದ್ದ. ಕಾಯಿ ಒಣಗಿ ಸಿಡಿದರೆ ಬೀಜ ನೆಲಕ್ಕೇ ಉದುರುತ್ತದೆ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ತಂಗಿ ಮಾನಸ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಗಳು ಲಾಸ್ಯಳನ್ನು ದಿನವೂ ಇಲ್ಲಿ ಬಿಟ್ಟುಹೋಗುತ್ತಿದ್ದಳು. ಮಗುವನ್ನು ನೋಡಿಕೊಳ್ಳುತ್ತಿದ್ದ ಅವನ ಹೆಂಡತಿ ಚಾಮುಂಡೇಶ್ವರಿ ಆವತ್ತು ಮದುವೆಗೆಂದು ನಂಜನಗೂಡಿಗೆ ಹೋಗಿದ್ದಳು. "ಒಂದು ದಿನ ತಾನೇ, ನಾನೇ ನೋಡ್ಕೋತೀನಿ ಬುಡು" ಎಂದು ಚೆಲುವರಾಜುವೇ ಹೇಳಿ ಕಳಿಸಿದ್ದ.

ಬಳ್ಳಿಯಿಂದ ಒಂದು ಒಣಕಾಯಿ ಕಿತ್ತು ಜೇಬಿಗೆ ಹಾಕಿಕೊಂಡು, ಮಗುವನ್ನು ಎತ್ತಿಕೊಂಡು ಆಟೋ ಹತ್ತಿದ. ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದ.

"ಪುಟ್ಟಿ, ಅದನ್ನ ಕಚ್ಚಿದ್ಯಾ?"

"ಹೂಂ."

"ಕಚ್ಚಲಿಲ್ಲ ಅಲ್ವಾ? ಹಂಗೇ ನುಂಗ್ದೆ ಅಲ್ವಾ?"

"ಹೂಂ," ಎಂದಳು ಲಾಸ್ಯ, ಅಷ್ಟೇ ಸಲೀಸಾಗಿ.

ಆಸ್ಪತ್ರೆಯ ಡಾಕ್ಟರಮ್ಮ ಕಾಯಿಯನ್ನು ತಿರುಗಿಸಿ ನೋಡಿದರು. "ಇದನ್ನ ತಂದಿದ್ದು ಒಳ್ಳೇದಾಯ್ತು. ಇಡಿಯಾಗಿ ನುಂಗಿದ್ರೆ ಭಯ ಕಮ್ಮಿ, ಸಿಪ್ಪೆ ಗಟ್ಟಿ ಇರುತ್ತೆ. ಅಗಿದಿದ್ರೆ ಮಾತ್ರ ಕಷ್ಟ. ಎಷ್ಟು ತಿಂದಳು?"

ಅವನಿಗೆ ಗೊತ್ತಿರಲಿಲ್ಲ. ತಾನು ನೋಡುವ ಮುಂಚೆ ಎಷ್ಟು ಹೋಗಿದ್ದವೋ!

"ಈಗ ಚೆನ್ನಾಗಿದ್ದಾಳೆ ಅಂತ ಕಳಿಸೋಕಾಗಲ್ಲ. ವಾಂತಿ, ಭೇದಿ ತಡವಾಗೂ ಶುರುವಾಗ್ಬಹುದು."

ಸುದ್ದಿ ತಿಳಿದು ಮಾನಸ ಬರುವಷ್ಟರಲ್ಲಿ ಲಾಸ್ಯಳಿಗೆ ಇದ್ದಿಲ ಪುಡಿ ಕಲಸಿದ ಔಷಧ ಕುಡಿಸಿ, ಕೈಗೆ ಸೂಜಿ ಚುಚ್ಚಿದ್ದರು. ತುಟಿಯೆಲ್ಲ ಕಪ್ಪಾಗಿತ್ತು. ಮಾನಸ ಅದನ್ನು ಸೆರಗಿನಲ್ಲಿ ಒರೆಸಿ, ಅಣ್ಣನ ಕಡೆ ತಿರುಗಿದಳು.

"ವಿಷ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಕಣಮ್ಮ."

"ಗೊತ್ತಿದ್ದೂ ಬೆಳೆಸ್ದ್ಯಾ?"

ಅವನು ತಲೆ ತಗ್ಗಿಸಿ ಮಗುವಿನ ಹೊದಿಕೆ ಸರಿಪಡಿಸಿದ.

ಸಂಜೆ ಲಾಸ್ಯ ಒಮ್ಮೆ ವಾಂತಿ ಮಾಡಿದಳು. ಚೆಲುವರಾಜು ಡಾಕ್ಟರಮ್ಮನನ್ನು ಕರೆಯಲು ಓಡಿದ. ಔಷಧದಿಂದಲೂ ಇರಬಹುದು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ಆಮೇಲೆ ಮಗು ಬಿಕ್ಕಿದರೂ ಅವನು ಏಳುತ್ತಿದ್ದ, ಮಲಗಿದರೂ ಏಳುತ್ತಿದ್ದ. ಉಸಿರಾಡುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಮಾನಸ ಅವನನ್ನು ಹೋಗು ಎನ್ನಲಿಲ್ಲ, ಕೂತುಕೋ ಎಂದೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ನರ್ಸಮ್ಮ, ಬೀಜ ಬಿದ್ದರೆ ತಿಳಿಯಲೆಂದು ಹಾಕಿದ್ದ ಡೈಪರು ಬದಲಿಸಿ ಬಂದರು. "ಮೂರು ಬೀಜ ಹೊರಗೆ ಬಂದಿವೆ ಕಣ್ರೀ. ಒಂದರ ಸಿಪ್ಪೆಯೂ ಒಡೆದಿಲ್ಲ."

ಮಾನಸ ಮುಖ ಮುಚ್ಚಿಕೊಂಡು ಅತ್ತಳು. ಚೆಲುವರಾಜು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಇನ್ನೊಂದು ದಿನ ಇಟ್ಟುಕೊಂಡು, ರಕ್ತ ಪರೀಕ್ಷೆ ಸರಿಯಿದೆ ಎಂದ ಮೇಲೆಯೇ ಮನೆಗೆ ಕಳಿಸಿದರು.

ಅವನು ಮನೆಗೆ ಬಂದವನೇ ಬಳ್ಳಿಯನ್ನು ಬುಡಸಮೇತ ಅಗೆದ. ಕಾಂಪೌಂಡಿನ ಉದ್ದಕ್ಕೂ ಮಣ್ಣು ಕೆದಕಿ ಜರಡಿ ಹಿಡಿದ. ಹೆಂಡತಿ ಊಟಕ್ಕೆ ಕರೆದರೆ, "ಇನ್ನೂ ಸಿಗ್ತಾನೇ ಇವೆ ಕಣೇ" ಎಂದ.

ಭಾನುವಾರ ಮಾನಸ ಬಂದಳು, ಮಗಳನ್ನು ಕರೆತಂದಿರಲಿಲ್ಲ. ಹಿತ್ತಿಲಿಗೆ ನೇರ ಹೋಗಿ, "ಒಂದೊಂದೇ ಗಿಡ ತೋರ್ಸು. ಯಾವುದು ತಿನ್ನೋದು, ಯಾವುದು ಮುಟ್ಟಬಾರದು, ಎಲ್ಲಾ ಹೇಳು. ಆಮೇಲೆ ಅವಳನ್ನ ಕಳಿಸೋ ಮಾತು" ಎಂದಳು.

ಅವನು ತೋರಿಸುತ್ತ ನಡೆದ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು ಎಂದ. "ಕಿತ್ತಾಕು" ಎಂದಳು. ಹಿಂದೆಮುಂದೆ ನೋಡದೆ ಕಿತ್ತ. ಕವಳಿಯ ಮುಳ್ಳನ್ನು ಅವಳೇ ಬೆರಳಿಂದ ಮುಟ್ಟಿ ನೋಡಿ, ಇರಲಿ ಎನ್ನುವಂತೆ ತಲೆಯಾಡಿಸಿ ಮುಂದೆ ಹೋದಳು.

ಪನ್ನೇರಳೆ ಮರದ ಕೆಳಗೆ ಹಳದಿ ಹಣ್ಣುಗಳು ಬಿದ್ದಿದ್ದವು. ಪ್ರತಿ ವರ್ಷ ಅವಳು ಮಡಿಲು ತುಂಬಿಕೊಂಡು ಹೋಗುತ್ತಿದ್ದ ಹಣ್ಣು. ಮಾನಸ ಕೊಂಬೆಯಿಂದ ಒಂದನ್ನು ಕಿತ್ತು, ಬಾಯಿಯ ಹತ್ತಿರ ತಂದು ನಿಂತಳು.

"ಇದನ್ನ ತಿನ್ಬಹುದಾ ಅಣ್ಣ?"

ಚೆಲುವರಾಜು ಅವಳ ಕೈಯಿಂದ ಹಣ್ಣು ಇಸಕೊಂಡು ತಾನೇ ಮೊದಲು ಕಚ್ಚಿದ. ಉಳಿದರ್ಧವನ್ನು ಅವಳ ಕಡೆ ಚಾಚಿದ. ಅವಳು ಅವನ ಮುಖ ನೋಡಿ, ಕೈಯೊಡ್ಡಿದಳು.