ಒಂದೇ ಕಡೆ ಹಾಲು ಕುಡಿಯುತ್ತಿದ್ದ ಗುಬ್ಬಿ

ಫೋಟೊ ಸ್ಟುಡಿಯೊದವನ ಮಗಳಿಗೆ ಆರು ವಾರ ತುಂಬಿತ್ತು. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ತಾಯಿ ಎಡಗಡೆಯ ಎದೆಗೆ ಹಾಕಿಕೊಂಡರೆ ಗುಬ್ಬಿ ಹಾಗೂ ಹೀಗೂ ಕುಡಿಯುತ್ತಿದ್ದಳು. ಬಲಗಡೆಗೆ ಬದಲಿಸಿದರೆ ಮುಗಿಯಿತು. ಮೈ ಬಿಲ್ಲಿನಂತೆ ಬಗ್ಗಿಸಿ, ಮುಖ ಕೆಂಪಗೆ ಮಾಡಿಕೊಂಡು, ಓಣಿಯ ಕೊನೆಯ ಮನೆಗೂ ಕೇಳುವಂತೆ ಕಿರುಚುತ್ತಿದ್ದಳು. ಬಾಯಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಹಿಡಿದರೂ ಟಕ್ ಟಕ್ ಎಂದು ಸದ್ದಾಗಿ, ತುಟಿಯ ಮೂಲೆಯಿಂದ ಹಾಲು ಸೋರುತ್ತಿತ್ತು. ತಾಯಿಯ ಮೊಲೆತೊಟ್ಟು ಬಿರಿದು ಗಾಯವಾಗಿತ್ತು.

"ನಿಂಗೆ ಹಾಲೇ ಕಮ್ಮಿ ಅನ್ಸುತ್ತೆ ಕಣೆ," ಎಂದಳು ಮಹಡಿ ಮನೆಯಾಕೆ, ಮೆಟ್ಟಿಲ ಮೇಲೆ ನಿಂತು. "ಸುಮ್ನೆ ಡಬ್ಬಿ ಹಾಲು ಶುರು ಮಾಡು."

ಎರಡನೆಯವರು, ಮೂರನೆಯವರು ಅದನ್ನೇ ಹೇಳಿದ ಮೇಲೆ ತಾಯಿಗೂ ಹಾಗೇ ಅನ್ನಿಸತೊಡಗಿತು. ಮಗು ಅತ್ತರೆ ತಾನೂ ಅಳುತ್ತಿದ್ದಳು.

ಗುಬ್ಬಿಯ ಅಪ್ಪನ ಕೆಲಸ ಗುರುತಿನ ಚೀಟಿಗೆ ಫೋಟೊ ತೆಗೆಯುವುದು. "ಗದ್ದ ಒಂಚೂರು ಕೆಳಗೆ ಸಾರ್, ತಲೆ ನೇರ" ಎಂದು ದಿನಕ್ಕೆ ನೂರು ಸಲ ಹೇಳುವ ಬಾಯಿ ಅದು. ಒಂದು ದಿನ ಮಗಳ ಫೋಟೊ ಬೇಕಾಯಿತು. ಬಿಳಿ ಬಟ್ಟೆಯ ಮೇಲೆ ಮಲಗಿಸಿ ಹನ್ನೊಂದು ಸಲ ಕ್ಲಿಕ್ ಮಾಡಿದ. ಹನ್ನೊಂದರಲ್ಲೂ ತಲೆ ಎಡಭುಜದ ಕಡೆಗೆ ವಾಲಿತ್ತು, ಮುಖ ಬಲಕ್ಕೆ ತಿರುಗಿತ್ತು.

"ಅಪ್ಪನ ಸ್ಟೈಲು ಬಂದಿದೆ," ಎಂದು ನಕ್ಕ.

ಹೆಂಡತಿ ನಗಲಿಲ್ಲ. "ರೀ, ಮೊಬೈಲಲ್ಲಿರೋ ಹಳೇವನ್ನೂ ನೋಡಿ. ಹುಟ್ಟಿದ್ ಮೂರನೇ ವಾರದಿಂದ್ಲೂ ಹೀಗೇ ಇದಾಳೆ."

ಲಸಿಕೆ ಹಾಕಿಸಲು ಹೋದ ದಿನ ಅವಳು ಆ ಫೋಟೊಗಳನ್ನು ನರ್ಸಮ್ಮನಿಗೆ ತೋರಿಸಿದಳು. ಎತ್ತರದ ದನಿಯ, ಅವಸರದ ಹೆಂಗಸು ಆಕೆ. ಆದರೆ ಫೋಟೊ ನೋಡಿದ ಮೇಲೆ ಅವಸರ ಬಿಟ್ಟರು. ಕೈ ತೊಳೆದುಕೊಂಡು, ಗುಬ್ಬಿಯ ಕುತ್ತಿಗೆಯ ಎಡಭಾಗವನ್ನು ಬೆರಳ ತುದಿಯಿಂದ ಮುಟ್ಟಿದರು.

"ಇಲ್ಲಿ ಮುಟ್ಟಿ ನೋಡಮ್ಮ. ಮೆಲ್ಲಗೆ. ದಾರ ಎಳೆದ ಹಾಗೆ ಬಿಗಿಯಾಗಿಲ್ವಾ?"

"ಹೌದು."

"ಇದು ಕುತ್ತಿಗೆಯ ಸ್ನಾಯು. ಹೊಟ್ಟೇಲಿ ಜಾಗ ಸಾಲದೆಯೋ, ಹೆರಿಗೆ ಹೊತ್ತಲ್ಲೋ ಬಿಗಿದುಕೊಂಡಿರುತ್ತೆ. ಈಗ ಬಾಯಿ ನೋಡು." ಕಿರುಬೆರಳಿನಿಂದ ತುಟಿ ಸರಿಸಿದರು. "ಮೇಲಿನ ವಸಡು, ಕೆಳಗಿನ ವಸಡು ಸಮವಾಗಿ ಕೂತಿಲ್ಲ. ಕುತ್ತಿಗೆ ವಾಲಿದ್ರೆ ದವಡೆನೂ ಓರೆ ಆಗುತ್ತೆ. ದವಡೆ ಓರೆ ಆದ್ರೆ ಬಾಯಿ ಪೂರ್ತಿ ತೆರೆದು ಹಿಡಿಯೋಕೆ ಆಗಲ್ಲ. ಬಲಗಡೆ ಹಾಲು ಕುಡಿಯೋಕೆ ಅದು ಮುಖ ಎಡಕ್ಕೆ ತಿರುಗಿಸಬೇಕು. ಪಾಪ, ತಿರುಗಿಸೋಕೆ ಆಗಲ್ಲ. ಅದಕ್ಕೇ ಕಿರುಚುತ್ತೆ."

"ಹಾಗಾದ್ರೆ ನಂಗೆ ಹಾಲೇನೂ ಕಮ್ಮಿ ಇಲ್ವಾ?"

"ಯಾರಮ್ಮ ಹೇಳಿದ್ದು?" ಎಂದು ನರ್ಸಮ್ಮ ಎಷ್ಟು ಜೋರಾಗಿ ಕೇಳಿದರೆಂದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ದನಿ ತಗ್ಗಿಸಿ, "ಯಾರ ತಪ್ಪೂ ಅಲ್ಲ ಇದು. ದೊಡ್ಡ ಆಸ್ಪತ್ರೆಗೆ ಚೀಟಿ ಬರೀತೀನಿ. ಅಲ್ಲಿ ಕುತ್ತಿಗೆಗೆ ವ್ಯಾಯಾಮ ಹೇಳಿಕೊಡ್ತಾರೆ. ಇದೇ ವಾರ ಹೋಗಿ," ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ಕೆರಳಿದರು. ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಸಂಸಾರ ಸಾಕಿದ ಹೆಂಗಸು. ಮಾತೂ ಇಸ್ತ್ರಿಪೆಟ್ಟಿಗೆಯ ಹಾಗೇ, ಬಿಸಿ ಮತ್ತು ನೇರ.

"ಆರು ವಾರದ ಕೂಸಿನ ಕುತ್ತಿಗೆ ಎಳೆಸ್ತೀರಾ? ನನ್ ಮಗನೂ ಹೀಗೇ ಇದ್ದ. ಏನಾಯ್ತು ಈಗ? ಗುಂಡುಕಲ್ಲಿನ ಹಾಗಿದಾನೆ. ಅಷ್ಟು ಅನುಮಾನ ಇದ್ರೆ ಮಾರ್ಕೆಟ್ ಹಿಂದೆ ಉಳುಕು ತೆಗೆಯೋನಿದಾನೆ. ಒಂದೇ ಸಲ ಲಟಕ್ ಅನ್ನಿಸ್ತಾನೆ, ಸರಿಹೋಗುತ್ತೆ."

ಲಟಕ್ ಎಂಬ ಮಾತು ಕೇಳಿ ಸೊಸೆ ಮಗುವನ್ನು ಎದೆಗೆ ಅವಚಿಕೊಂಡಳು. ಊಟಕ್ಕೆ ಕೂತಿದ್ದ ಮಗ ಬಾಯಲ್ಲಿದ್ದ ತುತ್ತು ನುಂಗಿ ತಲೆಯೆತ್ತಿದ.

"ಅಮ್ಮಾ, ನಾನು ಯಾವ ಕಡೆಯಿಂದ ಅಗೀತೀನಿ ಅಂತ ಯಾವತ್ತಾದ್ರೂ ನೋಡಿದೀಯಾ?"

"ಅಂದ್ರೆ?"

"ಒಂದೇ ಕಡೆ. ಇನ್ನೊಂದು ಕಡೆ ಹಲ್ಲು ಕೂಡೋದೇ ಇಲ್ಲ. ಆಕಳಿಸಿದ್ರೆ ದವಡೆ ಕಟಕ್ ಅನ್ನುತ್ತೆ. ನನ್ ಮದುವೆ ಫೋಟೊ ನೋಡು, ಯಾವುದ್ರಲ್ಲಾದ್ರೂ ತಲೆ ನೇರ ಇದೆಯಾ? ನಾನು ಕ್ಯಾಮೆರಾ ಹಿಂದೇನೇ ಇರ್ತೀನಲ್ಲ, ಅದಕ್ಕೆ ಯಾರೂ ಕೇಳಲ್ಲ ಅಷ್ಟೆ."

ಅತ್ತೆ ಮಗನ ಮುಖವನ್ನೇ ನೋಡಿದರು. ಒಂದು ಕೆನ್ನೆ ತುಂಬಿದೆ, ಇನ್ನೊಂದು ಚಪ್ಪಟೆ. ದಿನವೂ ಕಂಡ ಮುಖ. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ಕೆಳಗೆ ಕೂತರು.

"ನೀನೂ ಹಾಲು ಕುಡೀದೆ ಹೀಗೇ ಅಳ್ತಿದ್ದೆ ಕಣೋ. ನಂಗೂ ಹಾಲು ಕಮ್ಮಿ ಅಂದ್ರು. ಮೂರೇ ತಿಂಗಳಿಗೆ ಬಿಡಿಸ್ಬಿಟ್ಟೆ. ಕುತ್ತಿಗೆ ನೋಡಿ ಅಂತ ಒಬ್ರೂ ಹೇಳ್ಲಿಲ್ಲ ನಂಗೆ."

ಸೊಸೆ ಹೋಗಿ ಅವರ ಪಕ್ಕ ಕೂತಳು. "ನಮಗೆ ಹೇಳಿದಾರಲ್ಲ ಅತ್ತೆ," ಎಂದಳು.

ಮರುದಿನ ಆಸ್ಪತ್ರೆಗೆ ಮೂವರೂ ಹೊರಟರು. ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡವರು ಅತ್ತೆ.

ಮಕ್ಕಳ ಡಾಕ್ಟರು ಕಣ್ಣು, ಸೊಂಟದ ಕೀಲು, ಕುತ್ತಿಗೆ ಎಲ್ಲವನ್ನೂ ಪರೀಕ್ಷಿಸಿದರು. ತಲೆ ವಾಲುವುದಕ್ಕೆ ಬೇರೆ ಕಾರಣಗಳೂ ಇರಬಹುದು, ಅದಕ್ಕೇ ನೋಡಬೇಕು ಎಂದರು. ಗುಬ್ಬಿಗೆ ಸ್ನಾಯು ಬಿಗಿತ ಮಾತ್ರ. ಆಮೇಲೆ ವ್ಯಾಯಾಮ ಕಲಿಸುವ ಫಿಜಿಯೊ ಮೇಡಂ ಒಂದು ಬಟ್ಟೆಯ ಗೊಂಬೆ ಹಿಡಿದು ಕೂತರು.

"ಎಳೆಯೋದಲ್ಲ ಅಜ್ಜಿ, ಜಗ್ಗೋದಂತೂ ಅಲ್ಲವೇ ಅಲ್ಲ. ಒಂದು ಕೈ ಭುಜದ ಮೇಲೆ. ಇನ್ನೊಂದು ಕೈಯಿಂದ ತಲೆನ ನಿಧಾನಕ್ಕೆ ಈ ಕಡೆ. ಅಲ್ಲೇ ಸ್ವಲ್ಪ ಹೊತ್ತು ಹಿಡೀಬೇಕು. ಮಗು ತುಂಬಾ ಅತ್ರೆ, ಬಣ್ಣ ಬದಲಾದ್ರೆ ತಕ್ಷಣ ಬಿಡಬೇಕು. ಉಳುಕು ತೆಗೆಯೋರ ಹತ್ರ ಮಾತ್ರ ಯಾವತ್ತೂ ಹೋಗ್ಬೇಡಿ."

ಅತ್ತೆ ಗೋಡೆಯ ಗಡಿಯಾರದ ಕಡೆ ಮುಖ ತಿರುಗಿಸಿದರು.

ಹಾಲು ಕುಡಿಸುವ ಹೊಸ ಬಗೆಯನ್ನೂ ಮೇಡಂ ತೋರಿಸಿದರು. ಎಡಗಡೆ ಕುಡಿಸುವ ಹಾಗೇ ಮಲಗಿಸಿ, ಮಗುವನ್ನು ತಿರುಗಿಸದೆ ಹಾಗೇ ಬಲಗಡೆಗೆ ಸರಿಸುವುದು. ಕಾಲು ತಾಯಿಯ ಬಲ ಕಂಕುಳ ಕೆಳಗೆ ಹೋಗುತ್ತದೆ, ಮುಖ ಮಗುವಿಗೆ ಸುಲಭವಾದ ಕಡೆಗೇ ಇರುತ್ತದೆ. ತಾಯಿ ಅಲ್ಲಿಯೇ ಕೂತು ಪ್ರಯತ್ನಿಸಿದಳು. ಗುಬ್ಬಿ ಎರಡು ಸಲ ಬಿಟ್ಟಳು, ಮೂರನೆಯ ಸಲ ಹಿಡಿದಳು. ಟಕ್ ಟಕ್ ಸದ್ದು ಸ್ವಲ್ಪ ಇತ್ತು, ಆದರೆ ನುಂಗುವ ಸದ್ದೂ ಕೇಳಿಸಿತು. ಬಲಗಡೆ ಅಷ್ಟು ಹೊತ್ತು ಅವಳು ಕುಡಿದದ್ದು ಅದೇ ಮೊದಲು.

ಮನೆಯಲ್ಲಿ ಮೊದಲ ವಾರ ಯಾರಿಗೂ ಸುಖವಿರಲಿಲ್ಲ. ವ್ಯಾಯಾಮಕ್ಕೆ ಕೈ ಇಟ್ಟರೆ ಗುಬ್ಬಿಯ ಅಳು, ಅದನ್ನು ನೋಡಿ ತಾಯಿಯ ಅಳು. ಒಂದು ಮಧ್ಯಾಹ್ನ "ನನ್ ಕೈಲಾಗಲ್ಲ" ಎಂದು ತಾಯಿ ಎದ್ದೇಬಿಟ್ಟಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದರು.

"ಸರಿ, ನಾನು ಹಿಡೀತೀನಿ. ನೀನು ಆ ಕಡೆ ಕೂತು ಅವಳಿಗೆ ಕಾಣೋ ಹಾಗೆ ಮಾತಾಡು. ರೇಷ್ಮೆ ಬಟ್ಟೆಗೆ ಎಷ್ಟು ಭಾರ ಹಾಕ್ಬೇಕು ಅಂತ ಈ ಕೈಗೆ ಗೊತ್ತು."

ಅಂದಿನಿಂದ ಬಟ್ಟೆ ಬದಲಿಸುವಾಗಲೆಲ್ಲ ಇಬ್ಬರೂ ಸೇರಿ ಮಾಡಿದರು. ಕಿಟಕಿಯ ಬೆಳಕು ಗುಬ್ಬಿಯ ಎಡಕ್ಕೆ ಬರುವಂತೆ ಅಪ್ಪ ಹಾಸಿಗೆ ತಿರುಗಿಸಿದ. ಅವಳನ್ನು ಕರೆಯುವುದಿದ್ದರೂ ಆ ಕಡೆ ನಿಂತೇ ಕರೆದ. ಎಚ್ಚರವಿದ್ದಾಗ, ಯಾರಾದರೂ ಪಕ್ಕದಲ್ಲಿದ್ದು, ಸ್ವಲ್ಪ ಸ್ವಲ್ಪ ಹೊತ್ತು ಬೋರಲಾಗಿ ಮಲಗಿಸಿದರು. ನಿದ್ದೆ ಮಾಡಿಸಿದ್ದು ಮಾತ್ರ ಯಾವಾಗಲೂ ಅಂಗಾತ, ದಿಂಬಿಲ್ಲದೆ.

ವ್ಯಾಯಾಮ ಶುರುವಾದ ನಾಲ್ಕನೆಯ ವಾರ ತೂಕದ ತಕ್ಕಡಿಯಲ್ಲಿ ಗುಬ್ಬಿಯನ್ನು ಇಟ್ಟಾಗ ನರ್ಸಮ್ಮ, "ಇದೇನಮ್ಮ, ಹತ್ತಿಮೂಟೆ ತಂದಿದೀಯಾ?" ಎಂದು ಕೆನ್ನೆ ತಟ್ಟಿದರು. ತಾಯಿಯ ಗಾಯ ಮಾಗಿತ್ತು. ಐದು ತಿಂಗಳಾಗುವ ಹೊತ್ತಿಗೆ ಗುಬ್ಬಿ ಎರಡೂ ಕಡೆ ಹಾಲು ಕುಡಿಯುತ್ತಿದ್ದಳು, ವಸಡು ಸಮವಾಗುತ್ತ ಬಂದಿತ್ತು. ತುಂಬಾ ದಣಿದಾಗ ತಲೆ ಈಗಲೂ ಸ್ವಲ್ಪ ವಾಲುತ್ತದೆ. ಫಿಜಿಯೊ ಮೇಡಂ ಇನ್ನಷ್ಟು ತಿಂಗಳು ಬರಲು ಹೇಳಿದ್ದಾರೆ, ಇವರೂ ತಪ್ಪದೆ ಹೋಗುತ್ತಿದ್ದಾರೆ. ಅಪ್ಪ ತನ್ನ ದವಡೆಯನ್ನೂ ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡ. ಜೊತೆಗೆ ಹೋದವರು ಅವನ ಅಮ್ಮ.

ಮಹಡಿ ಮನೆಯಾಕೆಯ ಸೊಸೆಗೆ ಈಗ ಏಳು ತಿಂಗಳು. ಗುಬ್ಬಿಯ ಅಜ್ಜಿ ಆಗಲೇ ಹೇಳಿಟ್ಟಿದ್ದಾರೆ: "ಕೂಸು ಬಂದ ಮೇಲೆ ನಾನೇ ಬಂದು ಕುತ್ತಿಗೆ ನೋಡ್ತೀನಿ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಜ್ಜಿ, ನಿಮ್ಮ ಮನೆಯಲ್ಲೂ ಹಸುಗೂಸು ಇದೆಯೇ? ಅದರ ತಲೆ ಯಾವಾಗಲೂ ಒಂದೇ ಕಡೆಗೆ ವಾಲುತ್ತದೆಯೇ? ಒಂದೇ ಕಡೆ ಹಾಲು ಕುಡಿದು ಇನ್ನೊಂದು ಕಡೆಗೆ ಅಳುತ್ತದೆಯೇ? ಕುತ್ತಿಗೆಯಲ್ಲಿ ಬಿಗಿತವೋ ಚಿಕ್ಕ ಗಂಟೋ ಕೈಗೆ ಸಿಗುತ್ತದೆಯೇ? ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದು ಕಾಯಬೇಡಿ, ಯಾರ ಕೈಗೂ ಕೊಟ್ಟು ಜಗ್ಗಿಸಬೇಡಿ. ಮೊದಲ ಮೂರು ತಿಂಗಳೊಳಗೆ ಶುರು ಮಾಡಿದರೆ ಹೆಚ್ಚಿನ ಮಕ್ಕಳಿಗೆ ಸರಿಯಾದ ವ್ಯಾಯಾಮವೇ ಸಾಕಾಗುತ್ತದೆ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ತಾಯಿಯೊಬ್ಬಳನ್ನೇ ಕಳಿಸಬೇಡಿ, ಜೊತೆಗೆ ನೀವೂ ಹೋಗಿ.