ಒಂಬತ್ತರ ಅಡಿಯ ಗೆರೆ

ಟಕ್. ಗಾಜಿಗೆ ಉಗುರು ತಾಗಿದಷ್ಟು ಸಣ್ಣ ಸದ್ದು. ಅತ್ತೆಯ ನಿದ್ದೆ ಹಾರಿಹೋಗಲು ಅಷ್ಟು ಸಾಕಾಯಿತು. ದಾಳವನ್ನು ಗಾಜಿನ ಹಲಗೆಯ ಮೇಲಿಟ್ಟ ಸದ್ದು ಅದು.

ಗೋಡೆ ಸವರಿಕೊಂಡು ಹೋಗಿ ಕೆಲಸದ ಕೋಣೆಯ ಬಾಗಿಲ ಸಂದಿಯಿಂದ ಇಣುಕಿದಳು. ಸೊಸೆ ಮೇಜಿನ ದೀಪ ಬಗ್ಗಿಸಿಟ್ಟುಕೊಂಡು, ಅತ್ತೆ ಸಂಜೆ ಮುಗಿಸಿಟ್ಟಿದ್ದ ದಾಳಗಳಿಗೆ ಮತ್ತೆ ಬಣ್ಣ ತುಂಬುತ್ತಿದ್ದಳು.

ಆಟದ ದಾಳ ಮಾಡಿ ಮಾರುವ ಆ ಮನೆಯಲ್ಲಿ, ಒಣಗಿ ಗಟ್ಟಿಯಾಗುವ ರೆಸಿನ್ ದ್ರವ ಕಲಸಿ ಅಚ್ಚಿಗೆ ಹೊಯ್ಯುವವನು ಮಗ, ಉಜ್ಜಿ ಹೊಳಪು ಕೊಡುವವಳು ಸೊಸೆ. ದಾಳದ ಮೈಮೇಲೆ ತಗ್ಗಾಗಿ ಮೂಡಿದ ಅಂಕಿಗಳಿಗೆ ಬಣ್ಣ ತುಂಬುವುದು ಮೊದಲಿನಿಂದಲೂ ಅತ್ತೆಯ ಕೆಲಸ. ಇಪ್ಪತ್ತು ಮುಖದ ದಾಳದಲ್ಲಿ, ಅಂಕಿ ತಲೆಕೆಳಗಾಗಿ ಬಿದ್ದರೂ 6 ಯಾವುದು, 9 ಯಾವುದು ಎಂದು ತಿಳಿಯಲು ಅವುಗಳ ಅಡಿಯಲ್ಲಿ ಕೂದಲೆಳೆಯಂಥ ಗೆರೆಯಿರುತ್ತದೆ. ಹೋದ ತಿಂಗಳು ಆ ಗೆರೆಗೆ ಬಣ್ಣ ಬೀಳದೆ ಗಿರಾಕಿಯಿಂದ ಒಂದು ಪೆಟ್ಟಿಗೆ ವಾಪಸು ಬಂದಿತ್ತು.

"ಇನ್ನೊಂದ್ಸಲ ಹೀಗಾದ್ರೆ ಕುಂಚ ನನ್ ಕೈಗೆ ಕೊಟ್ಬಿಡು. ಕಣ್ಣಿಗೆ ಯಾಕಮ್ಮ ಇಷ್ಟು ಹಿಂಸೆ?" ಎಂದಿದ್ದ ಮಗ. ಕುಂಚವೇ ಹೋದಮೇಲೆ ಆ ಕೋಣೆಯಲ್ಲಿ ತನಗೊಂದು ಕುರ್ಚಿ ಯಾಕೆ ಎಂದು ಅತ್ತೆ ಅಂದಿನಿಂದ ಒಳಗೇ ಕೊರಗುತ್ತಿದ್ದಳು.

ಈ ಸಲವೂ ಗೆರೆ ಬಿಟ್ಟುಬಿಟ್ಟೆನೇ? ಅತ್ತೆ ಸದ್ದು ಮಾಡದೆ ಹಿಂದಿರುಗಿ ಹೊದಿಕೆ ಎಳೆದುಕೊಂಡಳು.

ಬೆಳಿಗ್ಗೆ ಮಗ ದಾಳಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಒಂದು ಗೆರೆಯೂ ತಪ್ಪಿರಲಿಲ್ಲ. ಆದರೆ ಅವನ ಹೆಬ್ಬೆರಳಿಗೆ ಬೆಳ್ಳಿ ಬಣ್ಣ ಅಂಟಿಕೊಂಡಿತು.

"ಇದೇನಿದು? ನಿನ್ನೆ ಸಂಜೆ ಮುಗಿಸಿದ್ದು ಇನ್ನೂ ಒಣಗಿಲ್ವಾ?"

ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ತಿರುಚತೊಡಗಿದಳು. ಸುಳ್ಳು ಅವಳ ಬಾಯಲ್ಲಿ ನಿಲ್ಲುವಂಥದ್ದಲ್ಲ.

"ರಾತ್ರಿ ನಿದ್ದೆ ಬರ್ಲಿಲ್ಲ ಕಣೋ. ಕೂತು ಇನ್ನೊಂದ್ಸಲ ತಿದ್ದಿದೆ" ಎಂದಳು ಅತ್ತೆ.

"ದೆವ್ವದ ಹಾಗೆ ಓಡಾಡ್ತೀಯಲ್ಲಮ್ಮ. ಆದ್ರೂ ನಿನ್ ಕೈ ಕೈಯೇ ಬಿಡು." ಮಗ ನಗುತ್ತ ಪೆಟ್ಟಿಗೆ ತರಲು ಹೊರಗೆ ಹೋದ.

ಸೊಸೆ ತಲೆಯೆತ್ತಿದಳು. "ಅತ್ತೆ, ನೀವು ರಾತ್ರಿ..."

"ಸಂಜೆ ಕನ್ನಡಕದ ಅಂಗಡಿಗೆ ನನ್ ಜೊತೆ ಬಾ. ಅವನ ಹತ್ರ ತರಕಾರಿ ತರೋಕೆ ಅಂದ್ರಾಯ್ತು."

"ಹೊಸ ಕನ್ನಡಕ ಹಾಕ್ಕೊಂಡ್ರೆ ಅವ್ರಿಗೆ ಗೊತ್ತಾಗಲ್ವಾ?"

"ನಿನ್ ಗಂಡನಿಗಾ? ನೀನು ಕೂದಲು ಕತ್ತರಿಸ್ಕೊಂಡು ವಾರ ಆಯ್ತು. ನೋಡಿದ್ನಾ?"

ಸೊಸೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಳು.

ಅತ್ತೆ ತನ್ನ ಕುರ್ಚಿಯಲ್ಲಿ ಕುಳಿತು ಕುಂಚ ತೊಳೆಯತೊಡಗಿದಳು. ಮಗನ ಹೊಗಳಿಕೆ ತನಗೆ ಸಲ್ಲುವುದಲ್ಲವೆಂದು ಅವಳಿಗೆ ಗೊತ್ತಿತ್ತು. ನಿಜ ಹೇಳಿದರೆ ಕುಂಚ ಹೋಗುತ್ತದೆ. ತನಗಾಗಿ ನಿದ್ದೆಗೆಟ್ಟ ಈ ಹುಡುಗಿಯೂ ಗಂಡನಿಂದ ಮಾತು ಕೇಳಬೇಕಾದೀತು. ಕನ್ನಡಕ ಬರುವವರೆಗಷ್ಟೇ ಅಲ್ಲ, ಬಂದಮೇಲೂ ಹೇಳುವುದು ಬೇಡ. ರಾತ್ರಿಯ ಸಂಗತಿಯನ್ನು ಯಾರ ಮುಂದೆಯೂ ಬಾಯಿಬಿಡಬಾರದೆಂದು ಅವಳು ಮನಸ್ಸು ಗಟ್ಟಿಮಾಡಿಕೊಂಡಳು.